ಥಂಡಿ ಜಾಗದಲ್ಲಿ ಬಾಸ್ ಕ್ಯಾಬಿನೆಟ್ ಇಡುವುದು ಹೇಗೆ: ಒಳಗಿಡುವ ದಿನದಿಂದ ಮತ್ತೆ ನುಡಿಸುವ ದಿನದವರೆಗೆ

ಬಾಸ್ ಗಿಟಾರ್ ನುಡಿಸುವವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ: "ಇಷ್ಟು ದೊಡ್ಡ ಬಾಕ್ಸ್ ಎಲ್ಲಿಡುವುದು?" 10 ಇಂಚಿನ ನಾಲ್ಕು ಸ್ಪೀಕರ್ ಇರುವ ಕ್ಯಾಬಿನೆಟ್ಟೇ ಕೋಣೆಯ ಒಂದು ಮೂಲೆ ಹಿಡಿಯುತ್ತದೆ. ಆಂಪೆಗ್ ಕಂಪನಿ 1969ರಲ್ಲಿ ಎಸ್‌ವಿಟಿ ಆಂಪ್ಲಿಫೈಯರ್ (ಆಂಪ್) ಜೊತೆ ತಂದ ಎಂಟು ಸ್ಪೀಕರ್‌ಗಳ ಮಾದರಿಯನ್ನಂತೂ ನುಡಿಸುವವರು ಫ್ರಿಜ್ ಅಂತಲೇ ಕರೆಯುತ್ತಾರೆ. ಕೊನೆಗೆ ಇವೆಲ್ಲ ಹೋಗಿ ಸೇರುವುದು ಗ್ಯಾರೇಜ್, ಶೆಡ್, ನೆಲಮಾಳಿಗೆ ಅಥವಾ ಅಟ್ಟಕ್ಕೆ. ಅಂದರೆ ಚಳಿಗಾಲದಲ್ಲಿ ಕೊರೆಯುವ ಜಾಗಕ್ಕೆ.

"ಚಳಿಗೆ ಸ್ಪೀಕರ್ ಹಾಳಾಗುತ್ತಾ?" ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಒಣ ಚಳಿಯಲ್ಲಿ ಅಲುಗಾಡದೆ ನಿಂತ ಕ್ಯಾಬಿನೆಟ್‌ಗೆ ಅಂಥ ತೊಂದರೆ ಏನೂ ಆಗುವುದಿಲ್ಲ. ನಾನು ನೋಡಿದ ಹಾಳಾದ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಿನವು ಹಾಳಾದದ್ದು ಒಳಗೆ ಹೊರಗೆ ಸಾಗಿಸುವ ಹೊತ್ತಿನಲ್ಲಿ, ಅಥವಾ ಚಳಿ ಕಳೆದು ಹವೆ ಬಿಸಿಯಾಗುವ ವಾರಗಳಲ್ಲಿ. ಯಾಕೆ ಅಂತ ಗೊತ್ತಾದರೆ ಮುಂದಿನ ಕೆಲಸವೆಲ್ಲ ತಾನಾಗಿ ಅರ್ಥವಾಗುತ್ತದೆ. ಅದಕ್ಕೇ ಮೊದಲು ಸ್ವಲ್ಪ ಒಳಗೆ ಇಣುಕಿ ನೋಡೋಣ.

ಎಲ್ಲವೂ ಒಂದು ಸಣ್ಣ ಸಂದಿಗಾಗಿ

ಸ್ಪೀಕರ್‌ನ ಕೋನ್, ಅಂದರೆ ಅದುರಿ ಸದ್ದು ಮಾಡುವ ಆಲಿಕೆಯಾಕಾರದ ಭಾಗ, ಅದರ ಹಿಂದೆ ತಾಮ್ರದ ತಂತಿ ಸುತ್ತಿದ ಒಂದು ಕೊಳವೆ ಇರುತ್ತದೆ. ಇದೇ ವಾಯ್ಸ್ ಕಾಯಿಲ್. ಇದು ಮ್ಯಾಗ್ನೆಟ್‌ನ ನಡುವಿನ ದುಂಡನೆಯ ಸಂದಿಯೊಳಗೆ ಹಿಂದೆ ಮುಂದೆ ಆಡುತ್ತದೆ. ಕಾಯಿಲ್‌ಗೂ ಸಂದಿಯ ಗೋಡೆಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಆ ಗೋಡೆಗಳು ಉಕ್ಕಿನವು. ಅವುಗಳ ಮೇಲಿನ ಲೇಪ ತೀರಾ ತೆಳು, ಕೆಲವೊಮ್ಮೆ ಅದೂ ಇರುವುದಿಲ್ಲ.

ಉಕ್ಕಿಗೆ ತುಕ್ಕು ಹಿಡಿದರೆ ಅದು ಉಬ್ಬುತ್ತದೆ. ಹೊರಗಿನ ಸ್ಕ್ರೂ ಮೇಲೆ ತುಕ್ಕು ಬಂದರೆ ನೋಡಲು ಕೆಟ್ಟದಾಗಿರುತ್ತದೆ, ಅಷ್ಟೇ. ಈ ಸಂದಿಯಲ್ಲಿ ಬಂದರೆ ಕಾಯಿಲ್ ಉಜ್ಜಲು ಶುರುವಾಗುತ್ತದೆ. ತಂತಿಯ ಮೇಲಿನ ವಾರ್ನಿಷ್ ಸವೆಯುತ್ತದೆ. ಕೊನೆಗೆ ಸ್ಪೀಕರ್ ಸುಡುತ್ತದೆ.

ಇನ್ನೊಂದು ವಿಷಯ. ಕ್ಯಾಬಿನೆಟ್‌ನೊಳಗೆ ಅತಿ ನಿಧಾನವಾಗಿ ಬಿಸಿಯಾಗುವ ಭಾಗವೂ ಇದೇ. ಮರ, ಗ್ರಿಲ್, ಕೋನ್ ಬೇಗ ಕೋಣೆಯ ಉಷ್ಣತೆಗೆ ಬರುತ್ತವೆ. ಕಿಲೋಗಟ್ಟಲೆ ತೂಕದ ಮ್ಯಾಗ್ನೆಟ್ ಮತ್ತು ಅದರ ಉಕ್ಕು ಗಂಟೆಗಟ್ಟಲೆ ತಣ್ಣಗೇ ಇರುತ್ತವೆ.

ಈಗ ಲೆಕ್ಕ ನೋಡಿ. 20 ಡಿಗ್ರಿ ಸೆಲ್ಸಿಯಸ್ ಇರುವ, ಶೇ 50 ತೇವಾಂಶದ ಸಾಧಾರಣ ಕೋಣೆ. ಅಲ್ಲಿನ ಗಾಳಿಯ ಇಬ್ಬನಿ ಬಿಂದು ಸುಮಾರು 9 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುತ್ತದಲ್ವಾ, ಹಾಗೆಯೇ. 2 ಡಿಗ್ರಿಯ ಗ್ಯಾರೇಜ್‌ನಿಂದ ತಂದ ಕ್ಯಾಬಿನೆಟ್ ಆ ಕೋಣೆಯಲ್ಲಿ ತೆರೆದು ನಿಂತರೆ, ಹೊರಮೈ ಒಣಗಿದ ಮೇಲೂ ಮ್ಯಾಗ್ನೆಟ್‌ನ ಸಂದಿ ಬೆವರುತ್ತಲೇ ಇರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ.

ನನಗೆ ಹೀಗೇ ಆಯಿತು. ಚಳಿಗಾಲ ಇಡೀ ಶೆಡ್‌ನಲ್ಲಿದ್ದ ನನ್ನ ನಾಲ್ಕು ಸ್ಪೀಕರ್‌ಗಳ ಕ್ಯಾಬಿನೆಟ್ ತಂದು, ಕವರ್ ತೆಗೆದು, ಮಂಜು ಹಿಡಿದ ಗ್ರಿಲ್ ಒರೆಸಿ, ಒಣಗಿತು ಅಂದುಕೊಂಡೆ. ಒಂದು ತಿಂಗಳ ನಂತರ ಕೆಳಗಿನ ಸ್ವರಗಳಲ್ಲಿ ಪರಪರ ಸದ್ದು. ಬಿಚ್ಚಿ ನೋಡಿದರೆ ಒಂದು ಸ್ಪೀಕರ್‌ನ ಸಂದಿಯಲ್ಲಿ ಕಂದು ಬಣ್ಣದ ಉಂಗುರ. ತುಂಬ ಬೇಜಾರಾಯಿತು. ಇಲ್ಲಿ ಹೇಳುವ ಕ್ರಮಗಳಲ್ಲಿ ಮುಖ್ಯವಾದವೆಲ್ಲ ಆ ಸಂದಿಯನ್ನು ಒಣಗಿಸಿಡುವುದಕ್ಕೇ ಇರುವವು.

ಉಳಿದ ಭಾಗಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕೋನ್ ಹೆಚ್ಚಾಗಿ ಕಾಗದದ್ದು; ತೇವ ಹೀರಿದರೆ ಮೆತ್ತಗಾಗುತ್ತದೆ. ಕೋನ್ ಸುತ್ತ ಇರುವ ಅಂಚು, ಅಂದರೆ ಸರೌಂಡ್, ಬಾಸ್ ಗಿಟಾರ್ ಸ್ಪೀಕರ್‌ಗಳಲ್ಲಿ ಹೆಚ್ಚಾಗಿ ನೆರಿಗೆ ಹಾಕಿದ ಬಟ್ಟೆಯದು. ಅದು ಗಟ್ಟಿಮುಟ್ಟು. ರಬ್ಬರ್ ಸರೌಂಡ್ ಚಳಿಗೆ ಬಿಗಿಯಾಗುತ್ತದೆ. ಫೋಮ್ ಸರೌಂಡ್ ವಯಸ್ಸಿಗೂ ತೇವಕ್ಕೂ ಪುಡಿಪುಡಿಯಾಗುತ್ತದೆ. ಕಾಯಿಲ್ಲನ್ನು ನಡುವಿನಲ್ಲಿ ಹಿಡಿದಿಡುವ ಸ್ಪೈಡರ್, ರಾಳ ಹಾಕಿದ ಬಟ್ಟೆ. ಅದೂ ಚಳಿಯಲ್ಲಿ ಬಿಗಿ. ಹೊರಗಿನ ಟೋಲೆಕ್ಸ್ ಹೊದಿಕೆ ಮತ್ತು ಪ್ಲಾಸ್ಟಿಕ್ ಮೂಲೆಗಳು ಚಳಿಯಲ್ಲಿ ಪೆಡಸಾಗಿರುತ್ತವೆ, ಏಟು ಬಿದ್ದರೆ ಸೀಳುತ್ತವೆ. ಮ್ಯಾಗ್ನೆಟ್‌ನ ಶಕ್ತಿ ಗ್ಯಾರೇಜ್‌ನ ಚಳಿಗೆ ಕುಂದುವುದಿಲ್ಲ. ನಿಯೋಡಿಮಿಯಂ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳುವುದು ಅತಿ ಬಿಸಿಯಲ್ಲಿ. ಆದರೆ ಅದರ ಮೇಲಿನ ಲೇಪ ಒಡೆದಿದ್ದರೆ ತೇವಕ್ಕೆ ಬೇಗ ಕೊರೆದುಹೋಗುತ್ತದೆ.

ಹೆಜ್ಜೆ 1: ಜಾಗವನ್ನು ಅಳೆಯಿರಿ

ಕ್ಯಾಬಿನೆಟ್ ಸಾಗಿಸುವ ಮೊದಲು ಆ ಜಾಗದಲ್ಲಿ ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ಇಡಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳನ್ನು ನೆನಪಿಡುವಂಥದ್ದು ಒಳ್ಳೆಯದು. ಒಂದು ವಾರ ಬಿಡಿ.

ಆ ಮೀಟರ್ ನಿಜ ಹೇಳುತ್ತಿದೆಯೇ ಎಂದು ನೋಡಲು ಅಡುಗೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ನೀರು ಚಿಮುಕಿಸಿ. ಮೀಟರ್ ಜೊತೆಗೆ ಗಾಳಿಯಾಡದ ಚೀಲದಲ್ಲಿ ಒಂದು ರಾತ್ರಿ ಇಡಿ. ಮೀಟರ್ ಶೇ 75ರ ಆಸುಪಾಸು ತೋರಿಸಬೇಕು. 80 ತೋರಿಸಿದರೆ ಆ ಮೀಟರ್ 5 ಜಾಸ್ತಿ ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಶೇ 40ರಿಂದ 55 ಇದ್ದರೆ ಜಾಗ ಒಳ್ಳೆಯದು. 60ರ ಆಚೆ ಉಕ್ಕಿಗೆ ತುಕ್ಕಿನ ಭಯ ಶುರು. 75-80ರಲ್ಲೇ ದಿನಗಟ್ಟಲೆ ನಿಂತರೆ ಬೂಷ್ಟು ಬರುತ್ತದೆ. ಚಳಿಯಲ್ಲಿ ಅದು ನಿಧಾನವಾಗಿ ಬೆಳೆಯುತ್ತದೆ, ಆದರೆ ಬೆಳೆಯುವುದಂತೂ ಹೌದು. ಹೀಟರ್ ಇಲ್ಲದ ಜಾಗಗಳು ಚಳಿಗಾಲದಲ್ಲಿ ಸಲೀಸಾಗಿ 80 ದಾಟುತ್ತವೆ. ಹಾಗಿದ್ದರೂ ಕೈಬಿಡಬೇಕಿಲ್ಲ, ಹೆಜ್ಜೆ 3ರ ಎರಡನೇ ದಾರಿ ಅಂಥ ಜಾಗಕ್ಕೇ ಇರುವುದು.

ಕಾಂಕ್ರೀಟ್ ನೆಲವಾದರೆ ಇನ್ನೊಂದು ಪರೀಕ್ಷೆ ಮಾಡಿ. ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಬದಿ ಟೇಪ್ ಹಚ್ಚಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಕೆಳಗೆ ಹನಿ ಕಂಡರೆ, ಅಥವಾ ನೆಲದ ಬಣ್ಣ ಗಾಢವಾಗಿದ್ದರೆ, ನೆಲವೇ ತೇವ ಬಿಡುತ್ತಿದೆ ಎಂದರ್ಥ.

ಕೆಲವು ಜಾಗಗಳಿಗೆ ನಾನು ನೇರವಾಗಿ ಬೇಡ ಅನ್ನುತ್ತೇನೆ. ಚಿಮಣಿ ಇಲ್ಲದ ಗ್ಯಾಸ್ ಹೀಟರ್ ಹಚ್ಚುವ ಗ್ಯಾರೇಜ್ ಅವುಗಳಲ್ಲಿ ಮೊದಲನೆಯದು. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಗಾಳಿಗೆ ಸೇರುತ್ತದೆ. ವಾರಕ್ಕೊಮ್ಮೆ ಬಂದು ಎರಡು ಗಂಟೆ ಹೀಟರ್ ಹಚ್ಚಿ ಹೋದರೆ, ಆ ಆವಿಯೆಲ್ಲ ತಣ್ಣಗಿರುವ ಮ್ಯಾಗ್ನೆಟ್ ಹುಡುಕಿಕೊಂಡು ಹೋಗುತ್ತದೆ. ಯಾವಾಗಲೂ ತಣ್ಣಗಿರುವ ಜಾಗ ಇದಕ್ಕಿಂತ ಎಷ್ಟೋ ವಾಸಿ. ಒದ್ದೆ ಬಟ್ಟೆ ಒಣಗಿಸುವ ನೆಲಮಾಳಿಗೆ, ಮಳೆ ಹಿಮ ಹೊತ್ತ ಕಾರು ಬಂದು ನಿಲ್ಲುವ ಜಾಗ, ಇವೂ ಬೇಡ. ಗ್ರೈಂಡರ್ ಹಿಡಿದು ಕಬ್ಬಿಣ ಉಜ್ಜುವ ವರ್ಕ್‌ಶಾಪ್ ಕೂಡ ಬೇಡ. ಕಬ್ಬಿಣದ ಪುಡಿ ಗಾಳಿಯಲ್ಲಿ ಹಾರಿ ನೇರ ಮ್ಯಾಗ್ನೆಟ್‌ಗೆ ಅಂಟುತ್ತದೆ. ಸಂದಿಯೊಳಗೆ ಹೋದದ್ದನ್ನು ಊದಿ ತೆಗೆಯಲು ಆಗುವುದಿಲ್ಲ.

ಹೆಜ್ಜೆ 2: ಪೂರ್ತಿ ಒಣಗಿಸಿ

ಈ ಹೆಜ್ಜೆಯನ್ನು ಜನ ಹಾರಿಬಿಡುತ್ತಾರೆ. ಹೊರಗೆ ಒಣಗಿದಂತೆ ಕಂಡರೆ ಸಾಕು ಅಂದುಕೊಳ್ಳುತ್ತಾರೆ. ಆದರೆ ಕ್ಯಾಬಿನೆಟ್‌ನಲ್ಲಿರುವ ನೀರು ಮುಖ್ಯವಾಗಿ ಮರದೊಳಗಿದೆ.

ಶೇ 50 ತೇವಾಂಶದ ಕೋಣೆಯಲ್ಲಿ ಹೊಂದಿಕೊಂಡ ಮರ ತನ್ನ ಒಣ ತೂಕದ ಸುಮಾರು ಶೇ 9ರಷ್ಟು ನೀರು ಹಿಡಿದಿರುತ್ತದೆ. 25 ಕಿಲೋ ಪ್ಲೈವುಡ್ ಅಂದರೆ 2 ಕಿಲೋಗಿಂತ ಸ್ವಲ್ಪ ಜಾಸ್ತಿ ನೀರು. ಅದೇ ಮರ ಶೇ 80ರ ಜಾಗದಲ್ಲಿದ್ದು ಬಂದಿದ್ದರೆ ಸುಮಾರು 4 ಕಿಲೋ. ಎರಡು ಕಿಲೋ ಹೆಚ್ಚುವರಿ ನೀರನ್ನು ಕವರ್ ಒಳಗೆ ಸೇರಿಸಿ ಕಟ್ಟಿದಂತೆ ಆಗುತ್ತದೆ.

ಹಾಗಾಗಿ ಮನೆಯೊಳಗಿನ ಒಣ ಕೋಣೆಯಲ್ಲಿ, ಗೋಡೆಯಿಂದ ಒಂದಿಷ್ಟು ದೂರ, ಮೂರು ದಿನವಾದರೂ ತೆರೆದಿಡಿ. ಬಯಲು ಕಾರ್ಯಕ್ರಮದಲ್ಲಿ ಮಳೆ ಹನಿ ತಾಗಿದ್ದರೆ ಒಂದು ವಾರ ಇಡಿ. ಹಿಂಬದಿಯಲ್ಲಿ ಕೇಬಲ್ ಚುಚ್ಚುವ ಜ್ಯಾಕ್ ಪ್ಲೇಟ್‌ನ ಸ್ಕ್ರೂ ಬಿಚ್ಚಿ ಸ್ವಲ್ಪ ಸರಿಸಿಟ್ಟರೆ ಒಳಗಿನ ಹತ್ತಿಯಂಥ ಫೈಬರ್ ಕೂಡ ಒಣಗುತ್ತದೆ. ಹೇರ್ ಡ್ರೈಯರ್, ಹೀಟರ್ ಎದುರಿಗೆ ಇಡುವುದು ಬೇಡ. ಪ್ಲೈವುಡ್‌ನ ಒಂದು ಮೈ ಬೇಗ ಒಣಗಿ, ಇನ್ನೊಂದು ಹಾಗೇ ಉಳಿದರೆ ಅಂಟು ಬಿಡಬಹುದು.

ಒಣಗುವ ಹೊತ್ತಿನಲ್ಲಿ ಉಳಿದ ಕೆಲಸ ಮುಗಿಸಿ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ, ಧೂಳು ತೇವ ಹಿಡಿದಿಡುತ್ತದೆ. ಕೋನ್ ಹತ್ತಿರ ವ್ಯಾಕ್ಯೂಮ್ ಕ್ಲೀನರ್ ತರಬೇಡಿ, ನಡುವಿನ ಡಸ್ಟ್ ಕ್ಯಾಪ್ ಒಳಕ್ಕೆ ಮಡಚಿಕೊಂಡುಬಿಡುತ್ತದೆ. ಹೊದಿಕೆಯ ಮೇಲೆ ಸಿಹಿ ಪಾನೀಯ ಚೆಲ್ಲಿದ ಕಲೆ ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಇರುವೆ, ಇಲಿ ಎರಡಕ್ಕೂ ಅದೇ ಕರೆಯೋಲೆ.

ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ ಕ್ಯಾಬಿನೆಟ್ ಆದರೆ ಇನ್ನೊಂದು ಕೆಲಸ ಇದೆ. ಈ ಹಲಗೆಗಳ ಕತ್ತರಿಸಿದ ಅಂಚು ನೀರು ಕುಡಿದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ಹಿಡಿಕೆಯ ತೂತು, ಜ್ಯಾಕ್ ಪ್ಲೇಟ್‌ನ ಒಳಅಂಚು, ಚಕ್ರದ ಸ್ಕ್ರೂ ತೂತು, ಇಲ್ಲೆಲ್ಲ ಬರಿ ಹಲಗೆ ಕಾಣುತ್ತಿರುತ್ತದೆ. ಅಲ್ಲಿಗೆ ತೆಳ್ಳಗೆ ವಾರ್ನಿಷ್ ಹಚ್ಚಿ. ಒಳಗಿಡುವ ದಿನವೇ ಹಚ್ಚಬೇಡಿ. ಎರಡು ವಾರ ಮೊದಲೇ ಹಚ್ಚಿದರೆ ಅದರ ಆವಿಯೂ ಹೋಗಿರುತ್ತದೆ.

ಆಂಪ್ ಹೆಡ್ ಬೇರೆಯಾಗಿದ್ದರೆ ಅದನ್ನು ಮನೆಯೊಳಗೇ ಇಡಿ. ಚಿಕ್ಕದು, ಒಂದು ಕಪಾಟಿನಲ್ಲಿ ಹಿಡಿಸುತ್ತದೆ. ವೈರ್‌ಲೆಸ್ ಪೆಟ್ಟಿಗೆ, ಪೆಡಲ್‌ಗಳ ಬ್ಯಾಟರಿ ತೆಗೆದಿಡಿ. ಕೇಬಲ್‌ಗಳನ್ನು ಸಡಿಲವಾಗಿ ಸುತ್ತಿ ಒಳಗೇ ಇಟ್ಟುಕೊಳ್ಳಿ, ಚಳಿಯಲ್ಲಿ ಪಿವಿಸಿ ಹೊದಿಕೆ ಬಿರುಸಾಗಿ ಬಿರುಕು ಬಿಡುತ್ತದೆ.

ಕೊನೆಯದಾಗಿ, ಮಲ್ಟಿಮೀಟರ್‌ನಲ್ಲಿ ಕ್ಯಾಬಿನೆಟ್‌ನ ಓಮ್, ಅಂದರೆ ವಿದ್ಯುತ್ ರೋಧ, ಅಳೆದು ಒಂದು ಚೀಟಿಯಲ್ಲಿ ಬರೆದು ಹಿಂಬದಿಗೆ ಅಂಟಿಸಿ. ಚಳಿಗಾಲ ಮುಗಿದ ಮೇಲೆ ಈ ಚೀಟಿ ಬೇಕಾಗುತ್ತದೆ.

ಹೆಜ್ಜೆ 3: ಮುಚ್ಚುವ ಎರಡು ದಾರಿ

"ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ತೇವ ನಿಲ್ಲುತ್ತದೆ" ಎಂದು ಕೆಲವರು ಹೇಳುತ್ತಾರೆ. "ಪ್ಲಾಸ್ಟಿಕ್ ಸುತ್ತಿ, ತೇವ ಒಳಗೆ ಬರುವುದಿಲ್ಲ" ಎಂದು ಇನ್ನು ಕೆಲವರು. ಇಬ್ಬರ ಮಾತೂ ಸರಿಯೇ, ಸಂದರ್ಭ ಬೇರೆ ಬೇರೆ.

ಮೊದಲ ದಾರಿ ಉಸಿರಾಡುವ ಹೊದಿಕೆ. ಜಾಗದ ತೇವಾಂಶ ಶೇ 60ರೊಳಗೆ ಇದ್ದರೆ, ಅಥವಾ ಒಂದೆರಡು ವಾರಕ್ಕೊಮ್ಮೆ ತೆಗೆಯಬೇಕಾಗಿದ್ದರೆ, ದಪ್ಪ ಹತ್ತಿ ಬಟ್ಟೆ ಅಥವಾ ಮೆತ್ತೆ ಇರುವ ಕವರ್ ಹಾಕಿ. ಹಳೆಯ ರಜಾಯಿಯೂ ಆಗುತ್ತದೆ. ಒಳಗಿನ ತೇವ ಹೊರಗೆ ಹೋಗುತ್ತದೆ, ಧೂಳು ಬೀಳುವುದಿಲ್ಲ, ಉಷ್ಣತೆಯ ಏರಿಳಿತ ನಿಧಾನವಾಗುತ್ತದೆ.

ಎರಡನೇ ದಾರಿ ಪೂರ್ತಿ ಮುಚ್ಚಿದ ಚೀಲ. ಜಾಗ ಒದ್ದೆ ಇದ್ದು, ಕ್ಯಾಬಿನೆಟ್ ತಿಂಗಳುಗಟ್ಟಲೆ ಅಲ್ಲೇ ಇರಬೇಕಾದರೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಕಾರಣ ಚೆನ್ನಾಗಿದೆ, ಹೇಳುತ್ತೇನೆ. ಚೀಲದೊಳಗೆ ಕ್ಯಾಬಿನೆಟ್ ಸುತ್ತ ಮತ್ತು ಅದರೊಳಗೆ ಸೇರಿ 200 ಲೀಟರ್ ಗಾಳಿ ಇದೆ ಅಂದುಕೊಳ್ಳಿ. 20 ಡಿಗ್ರಿ, ಶೇ 50ರಲ್ಲಿ ಅಷ್ಟು ಗಾಳಿಯಲ್ಲಿರುವ ನೀರು 2 ಗ್ರಾಂಗಿಂತ ಕಡಿಮೆ. ಮರದಲ್ಲಿರುವುದು 2 ಕಿಲೋ. ಅಂದರೆ ಚೀಲದೊಳಗೆ ಮರದ್ದೇ ಯಜಮಾನಿಕೆ. ಹೊರಗೆ ತಣ್ಣಗಾದಾಗ ಮರ ಒಂದಿಷ್ಟು ಆವಿ ಹೀರಿಕೊಳ್ಳುತ್ತದೆ, ಬಿಸಿಯಾದಾಗ ಬಿಡುತ್ತದೆ. ಒಳಗಿನ ತೇವಾಂಶ ಶೇ 50ರ ಹತ್ತಿರವೇ ನಿಲ್ಲುತ್ತದೆ, ಚಳಿಯಲ್ಲಿ ಇನ್ನೂ ಸ್ವಲ್ಪ ಇಳಿಯುತ್ತದೆ. ಒಣಗಿದ ಮರ ತನ್ನನ್ನು ತಾನೇ ಕಾಯುತ್ತದೆ. ಒದ್ದೆ ಮರವನ್ನು ಹೀಗೆ ಕಟ್ಟಿದರೆ ಅದೇ ಯಜಮಾನಿಕೆ ಚಳಿಗಾಲ ಇಡೀ ಶೇ 80ರಲ್ಲಿ ನಿಲ್ಲಿಸುತ್ತದೆ. ಹೆಜ್ಜೆ 2ನ್ನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಕಟ್ಟುವ ಕ್ರಮ ಹೀಗೆ. ಈ ಕೆಲಸ ಮನೆಯೊಳಗಿನ ಒಣ ಕೋಣೆಯಲ್ಲೇ ಆಗಬೇಕು, ಶೆಡ್‌ನಲ್ಲಿ ಅಲ್ಲ. ಮೊದಲು ಕ್ಯಾಬಿನೆಟ್‌ಗೆ ಒಣಗಿದ ಹತ್ತಿ ಬಟ್ಟೆ ಅಥವಾ ರಜಾಯಿ ಸುತ್ತಿ. ಪ್ಲಾಸ್ಟಿಕ್ ಒಮ್ಮೆಲೇ ತಣ್ಣಗಾಗಿ ಒಳಮೈಯಲ್ಲಿ ಹನಿ ಕೂತರೂ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಅದರ ಮೇಲೆ ದಪ್ಪ ಪಾಲಿಥಿನ್ ಚೀಲ ಎಳೆದು, ಬಾಯಿ ಎರಡು ಸಲ ಮಡಚಿ, ಅಗಲ ಟೇಪ್ ಹಚ್ಚಿ. ಮೂಲೆಗಳ ಜಾಗದಲ್ಲಿ ಎರಡು ಪದರ ಇರಲಿ, ಹರಿಯುವುದು ಅಲ್ಲೇ. ಪ್ಲಾಸ್ಟಿಕ್ ಮೇಲೆ ಮತ್ತೊಂದು ದಪ್ಪ ಬಟ್ಟೆ ಹೊದಿಸಿದರೆ ತಣಿಯುವುದೂ ನಿಧಾನವಾಗುತ್ತದೆ.

ಸಿಲಿಕಾ ಜೆಲ್ ಹಾಕಬೇಕಾ? ಶೂ ಡಬ್ಬದಲ್ಲಿ ಬರುವ ಪುಟ್ಟ ಪೊಟ್ಟಣಗಳಿಂದ ಏನೂ ಆಗುವುದಿಲ್ಲ. 2 ಕಿಲೋ ನೀರು ಹಿಡಿದ ಮರದ ಎದುರು ಕೆಲವು ಗ್ರಾಂ ಜೆಲ್ ಲೆಕ್ಕಕ್ಕಿಲ್ಲ. ಚೀಲದ ಟೇಪ್ ಮೂಲಕ ನುಸುಳುವ ಸಣ್ಣ ಪ್ರಮಾಣದ ಆವಿಗೆ ಅರ್ಧ ಕಿಲೋ ಜೆಲ್ ಹಾಕಿದರೆ ಉಪಯೋಗ ಇದೆ. ಹಾಕುವುದಾದರೆ ಬಟ್ಟೆ ಚೀಲದಲ್ಲಿ ಕಟ್ಟಿ, ಕ್ಯಾಬಿನೆಟ್ ಹೊರಗೆ ಇಡಿ. ಪೋರ್ಟ್ ಒಳಗೆ, ಅಂದರೆ ಕ್ಯಾಬಿನೆಟ್‌ನಲ್ಲಿ ಗಾಳಿಯಾಡಲು ಬಿಟ್ಟಿರುವ ತೂತಿನೊಳಗೆ, ಹಾಕಬೇಡಿ, ಪೊಟ್ಟಣ ಹರಿದರೆ ಹರಳುಗಳು ಸ್ಪೀಕರ್ ಹಿಂದೆ ಸೇರುತ್ತವೆ.

ತಂತಿ ಇರುವ ಥರ್ಮಾಮೀಟರ್ ಸಿಕ್ಕರೆ ಅದರ ತುದಿಯನ್ನು ಪೋರ್ಟ್ ಮೂಲಕ ಒಳಕ್ಕೆ ಇಳಿಸಿ, ಆದಷ್ಟು ಮ್ಯಾಗ್ನೆಟ್‌ಗೆ ತಾಗುವಂತೆ ಇಟ್ಟು, ಡಿಸ್‌ಪ್ಲೇ ಹೊರಗೆ ಬರುವ ಹಾಗೆ ಚೀಲ ಕಟ್ಟಿ. ಹೊರಗೆ ತರುವ ದಿನ ಇದರಷ್ಟು ಉಪಕಾರ ಮಾಡುವ ವಸ್ತು ಬೇರೊಂದಿಲ್ಲ.

ಹೆಜ್ಜೆ 4: ನೆಲದಿಂದ ಮೇಲೆ, ನೆಟ್ಟಗೆ

ನೆಲಕ್ಕೆ ನೇರವಾಗಿ ಇಡಬೇಡಿ. ಮರದ ಪಟ್ಟಿ ಅಥವಾ ಪ್ಯಾಲೆಟ್ ಮೇಲೆ, ನೆಲದಿಂದ ಕನಿಷ್ಠ 10 ಸೆಂಟಿಮೀಟರ್ ಎತ್ತರಕ್ಕೆ ಇಡಿ. ಹೊರಗೋಡೆಯಿಂದಲೂ ಅಷ್ಟೇ ದೂರ ಬಿಡಿ. ಹೊರಗೋಡೆಯ ಒಳಮೈ ಕೋಣೆಯಲ್ಲೇ ಅತಿ ತಣ್ಣಗಿನ ಜಾಗ, ನೀರು ಮೊದಲು ಇಳಿಯುವುದು ಅಲ್ಲೇ. ಚಕ್ರದ ಮೇಲೆ ನಿಲ್ಲಿಸಬೇಡಿ. ಚಕ್ರ ತೆಗೆಯಲು ಬಂದರೆ ತೆಗೆದಿಡಿ, ಇಲ್ಲದಿದ್ದರೆ ಪಟ್ಟಿಗಳು ಭಾರ ಹೊರುವಂತೆ ಮಾಡಿ.

ನುಡಿಸುವಾಗ ಹೇಗೆ ನಿಲ್ಲುತ್ತದೋ ಹಾಗೇ ನಿಲ್ಲಲಿ. ಬೆನ್ನ ಮೇಲೆ ಮಲಗಿಸಿದರೆ ಕೋನ್ ಮತ್ತು ಕಾಯಿಲ್‌ನ ತೂಕ ತಿಂಗಳುಗಟ್ಟಲೆ ಒಳಮುಖವಾಗಿ ಸ್ಪೈಡರ್ ಮೇಲೆ ಬೀಳುತ್ತದೆ. ಮಕಾಡೆ ಮಲಗಿಸಿದರೆ ಹೊರಮುಖವಾಗಿ. ಎರಡರಲ್ಲೂ ಸ್ಪೈಡರ್ ನಿಧಾನಕ್ಕೆ ಜೋತುಬೀಳುತ್ತದೆ, ಕಾಯಿಲ್ ತನ್ನ ನಡುಜಾಗದಿಂದ ಸರಿಯುತ್ತದೆ. 15 ಅಥವಾ 18 ಇಂಚಿನ ಭಾರದ ಕೋನ್‌ಗಳಲ್ಲಿ ಇದು ಜಾಸ್ತಿ.

ಒಂದರ ಮೇಲೊಂದು ಪೇರಿಸಬೇಕಾದರೆ ದೊಡ್ಡದು ಕೆಳಗೆ. ಮೇಲೆ ಬಣ್ಣದ ಡಬ್ಬ, ನೀರಿನ ಪಾತ್ರೆ, ಗಿಡದ ಕುಂಡ ಇಡಬೇಡಿ. ಖಾಲಿ ಮೇಜಿನ ಹಾಗೆ ಕಾಣುತ್ತದಾದ್ದರಿಂದ ಮನೆಯವರು ಸುಮ್ನೆ ಏನಾದರೂ ತಂದಿಡುತ್ತಾರೆ. ಒಂದು ಚೀಟಿ ಅಂಟಿಸಿಬಿಡಿ.

ಹೆಜ್ಜೆ 5: ಇಲಿ

ಚಳಿ ಬಿದ್ದರೆ ಇಲಿಗಳು ಬೆಚ್ಚನೆಯ ಗೂಡು ಹುಡುಕುತ್ತವೆ. ಪೋರ್ಟ್ ಇರುವ ಬಾಸ್ ಕ್ಯಾಬಿನೆಟ್ ಅಂದರೆ ಬಾಗಿಲು ಇರುವ, ಒಳಗೆ ಹಾಸಿಗೆ ಹಾಸಿದ ಮನೆ. ಒಳಗಿನ ಫೈಬರ್ ಕಿತ್ತು ಗೂಡು ಕಟ್ಟುತ್ತವೆ, ಕೋನ್ ಕಡಿಯುತ್ತವೆ, ಮೂತ್ರದಿಂದ ಉಕ್ಕು ತುಕ್ಕು ಹಿಡಿಯುತ್ತದೆ.

ಸುಂಡಿಲಿಗೆ ಸುಮಾರು 6 ಮಿಲಿಮೀಟರ್ ಸಂದಿ ಸಾಕು ನುಗ್ಗಲು. ಹಾಗಾಗಿ ಅದಕ್ಕಿಂತ ಸಣ್ಣ ಕಣ್ಣಿನ ಲೋಹದ ಜಾಲರಿಯನ್ನು ಒಂದು ಹಲಗೆಗೆ ಬಿಗಿದು, ಆ ಹಲಗೆಯನ್ನು ಪೋರ್ಟ್ ಮುಂದೆ ಪಟ್ಟಿಯಿಂದ ಕಟ್ಟಿ. ಫೋಮ್ ತುರುಕಿದರೆ ಅದನ್ನೇ ಕಡಿದು ಗೂಡಿಗೆ ಒಯ್ಯುತ್ತವೆ.

ಸ್ಟೀಲ್ ವುಲ್ ಮಾತ್ರ ಯಾವ ಕಾರಣಕ್ಕೂ ಬೇಡ. ಇಲಿ ತಡೆಯಲು ಗೋಡೆಯ ತೂತಿಗೆ ಅದನ್ನು ತುಂಬುವುದು ರೂಢಿ. ಸ್ಪೀಕರ್ ಹತ್ತಿರ ಅದೇ ವಿಷವಾಗುತ್ತದೆ. ಅದರ ಎಳೆಗಳು ಉದುರುತ್ತವೆ, ಮ್ಯಾಗ್ನೆಟ್ ಅವನ್ನು ಎಳೆದುಕೊಳ್ಳುತ್ತದೆ. ಮೊದಲೇ ಹೇಳಿದ ಸಂದಿಗೆ ಸೇರಿದರೆ ಮುಗಿಯಿತು.

ಪೋರ್ಟ್ ಇಲ್ಲದ ಮುಚ್ಚಿದ ಕ್ಯಾಬಿನೆಟ್‌ಗೆ ಈ ಭಯ ಕಡಿಮೆ. ಆದರೆ ಪ್ಲಾಸ್ಟಿಕ್ ಚೀಲ ಕಡಿಯುವುದನ್ನು ಯಾವುದೂ ತಡೆಯುವುದಿಲ್ಲ, ಹಾಗಾಗಿ ಆಗಾಗ ನೋಡುತ್ತಿರಬೇಕು. ವಿಷದ ಬಿಸ್ಕತ್ತು ಇಡುವುದು ನನಗೆ ಇಷ್ಟವಿಲ್ಲ. ತಿಂದ ಇಲಿ ಕ್ಯಾಬಿನೆಟ್‌ನೊಳಗೇ ಹೋಗಿ ಸಾಯಬಹುದು. ನುಸಿ ಗುಳಿಗೆ ಹಾಕಿದರೆ ಅದರ ವಾಸನೆ ಮರ ಮತ್ತು ಫೈಬರ್‌ಗೆ ಹಿಡಿದು ತಿಂಗಳುಗಟ್ಟಲೆ ಬಿಡುವುದಿಲ್ಲ.

ಹೆಜ್ಜೆ 6: ನಡುವಿನ ತಿಂಗಳುಗಳು

ತಿಂಗಳಿಗೊಮ್ಮೆ ಹೋಗಿ ಮೀಟರ್ ನೋಡಿ, ಚೀಲ ನೋಡಿ, ಇಲಿ ಹಿಕ್ಕೆ ಇದೆಯೇ ನೋಡಿ. ಚೀಲ ತೆರೆಯಬೇಡಿ.

ಜಾಗದ ತೇವ ಇಳಿಸಬೇಕಾದರೆ ಕಿಟಕಿ ತೆರೆಯುವ ಹೊತ್ತು ತಿಳಿದಿರಬೇಕು. ತಣ್ಣನೆಯ ಗಾಳಿಯಲ್ಲಿ ನೀರು ಕಡಿಮೆ. 0 ಡಿಗ್ರಿಯ ಗಾಳಿ ಒಂದು ಘನ ಮೀಟರ್‌ಗೆ ಹೆಚ್ಚೆಂದರೆ 5 ಗ್ರಾಂನಷ್ಟು ಆವಿ ಹಿಡಿಯುತ್ತದೆ, 20 ಡಿಗ್ರಿಯದು 17 ಗ್ರಾಂಗಿಂತ ಜಾಸ್ತಿ. ಹೊರಗೆ ಒಳಗಿಗಿಂತ ತಣ್ಣಗಿರುವ, ಮಳೆ ಮಂಜು ಇಲ್ಲದ ದಿನ ಕಿಟಕಿ ತೆರೆಯಿರಿ. ವಾರಗಟ್ಟಲೆ ಚಳಿ ಕಳೆದು ಒಮ್ಮೆಲೇ ಬೆಚ್ಚನೆಯ ಒದ್ದೆ ಗಾಳಿ ಬೀಸಿದ ದಿನ ಎಲ್ಲ ಮುಚ್ಚಿ. ಶೆಡ್‌ನೊಳಗಿನ ಕಬ್ಬಿಣವೆಲ್ಲ ಬೆವರುವುದು ಅಂಥ ದಿನವೇ. ಚಳಿಗಾಲ ಮುಗಿಯಿತು ಎಂಬ ಖುಷಿಯಲ್ಲಿ ಬಾಗಿಲು ಹಾರುಹೊಡೆದು ಇಟ್ಟರೆ, ಮೂರು ತಿಂಗಳು ಏನೂ ಆಗದ ಕ್ಯಾಬಿನೆಟ್ ಒಂದೇ ಮಧ್ಯಾಹ್ನದಲ್ಲಿ ಒದ್ದೆಯಾಗುತ್ತದೆ.

ಸ್ವಲ್ಪವೇ ಬಿಸಿ ಮಾಡಿದರೂ ಲಾಭ ಇದೆ. 5 ಡಿಗ್ರಿ, ಶೇ 90ರ ಗಾಳಿಯನ್ನು 10 ಡಿಗ್ರಿಗೆ ತಂದರೆ ತೇವಾಂಶ ಸುಮಾರು 65ಕ್ಕೆ ಇಳಿಯುತ್ತದೆ. ಸಣ್ಣ ಶೆಡ್‌ಗೆ ಗೋಡೆಗೆ ಬಿಗಿಯುವ ಕಡಿಮೆ ವಾಟ್‌ನ ಟ್ಯೂಬ್ ಹೀಟರ್ ಹಾಕಿ, ಹಗಲು ರಾತ್ರಿ ಒಂದೇ ಸಮ ಬಿಡಬಹುದು. ಕ್ಯಾಬಿನೆಟ್, ಬಟ್ಟೆ, ಪ್ಲಾಸ್ಟಿಕ್ ಯಾವುದೂ ಅದರ ಹತ್ತಿರ ಇರಬಾರದು. ಫ್ಯಾನ್ ಹೀಟರ್ ಹಚ್ಚಿ ಬಾಗಿಲು ಹಾಕಿ ಹೋಗುವುದಂತೂ ಬೇಡವೇ ಬೇಡ, ಬೆಂಕಿಯ ಭಯ ಇದೆ.

ಡಿಹ್ಯುಮಿಡಿಫೈಯರ್ ತರುವುದಾದರೆ ಯಾವ ಬಗೆಯದು ಎಂದು ನೋಡಿ ತನ್ನಿ. ಕಂಪ್ರೆಸರ್ ಇರುವವು ಚಳಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಅವುಗಳ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ತೇವ ಹೀರುವ ಚಕ್ರ ಇರುವ ಡೆಸಿಕೆಂಟ್ ಬಗೆಯವು 0 ಡಿಗ್ರಿಯ ಹತ್ತಿರವೂ ನಡೆಯುತ್ತವೆ.

ಹೆಜ್ಜೆ 7: ಹೊರಗೆ ತರುವ ದಿನ

ಎಲ್ಲಕ್ಕಿಂತ ಜಾಸ್ತಿ ತಾಳ್ಮೆ ಬೇಕಾದದ್ದು ಇಲ್ಲಿ. ಚೀಲ ಕಟ್ಟಿದ ಹಾಗೇ, ಕವರ್ ಹಾಕಿದ ಹಾಗೇ ಬೆಚ್ಚನೆಯ ಕೋಣೆಗೆ ತನ್ನಿ. ಹುಷಾರಾಗಿ ಎತ್ತಿ, ಪ್ಲಾಸ್ಟಿಕ್ ಮೂಲೆಗಳು ಇನ್ನೂ ಪೆಡಸಾಗಿವೆ. ಕೋಣೆಯ ನಡುವೆ ನಿಲ್ಲಿಸಿ. ಆಮೇಲೆ ಮುಟ್ಟಬೇಡಿ.

ಚೀಲದ ಹೊರಮೈ ಬೆವರುತ್ತದೆ. ಬೆವರಲಿ. ಆ ನೀರು ಸ್ಪೀಕರ್ ಮೇಲೆ ಕೂರಬೇಕಾಗಿದ್ದು, ಪ್ಲಾಸ್ಟಿಕ್ ಮೇಲೆ ಕೂತಿದೆ. ಒರೆಸಿಬಿಡಿ.

ಒಂದು ಪೂರ್ತಿ ದಿನ ಬಿಡಿ. 0 ಡಿಗ್ರಿಗಿಂತ ಕೆಳಗಿನ ಜಾಗದಿಂದ ಬಂದಿದ್ದರೆ ನಾನು ಎರಡನೇ ರಾತ್ರಿಯನ್ನೂ ಕೊಡುತ್ತೇನೆ. ಒಳಗೆ ಥರ್ಮಾಮೀಟರ್ ಇಟ್ಟಿದ್ದರೆ ಇನ್ನೂ ಸುಲಭ: ಒಳಗಿನ ಅಂಕಿ ಕೋಣೆಯ ಅಂಕಿಗೆ 2 ಡಿಗ್ರಿ ಹತ್ತಿರ ಬಂದ ಮೇಲೆ ತೆರೆಯಿರಿ. ಬಟ್ಟೆಯ ಕವರ್ ಮಾತ್ರ ಇದ್ದರೆ, ಶೆಡ್‌ನಲ್ಲೇ ಅದರ ಮೇಲೆ ಪ್ಲಾಸ್ಟಿಕ್ ಚೀಲ ಎಳೆದು ಕಟ್ಟಿ ತನ್ನಿ. ತಣ್ಣನೆಯ ಗಾಳಿಯಲ್ಲಿ ನೀರು ಕಡಿಮೆ ಇರುವುದರಿಂದ ಒಳಗೆ ಸಿಕ್ಕಿಕೊಂಡ ಗಾಳಿಯಿಂದ ಅಪಾಯವಿಲ್ಲ.

ತಪ್ಪಿ ತೆರೆದು, ಎಲ್ಲ ಒದ್ದೆಯಾಗಿದ್ದರೆ? ಆಂಪ್ ಜೋಡಿಸಬೇಡಿ. ಒದ್ದೆ ಕೋನ್ ಒರೆಸಲೂ ಬೇಡಿ, ನೆನೆದ ಕಾಗದ ಸುಲಭವಾಗಿ ಹರಿಯುತ್ತದೆ. ಜ್ಯಾಕ್ ಪ್ಲೇಟ್ ಬಿಚ್ಚಿ, ಸಾಧಾರಣ ಫ್ಯಾನ್ ಗಾಳಿ ಸುತ್ತ ಆಡುವಂತೆ ಮಾಡಿ, ಎರಡು ದಿನ ಬಿಡಿ.

ಹೆಜ್ಜೆ 8: ಮತ್ತೆ ನುಡಿಸುವ ಮುಂಚೆ

ಮಲ್ಟಿಮೀಟರ್ ಹಿಡಿದು ಚೀಟಿಯ ಅಂಕಿಗೆ ಹೋಲಿಸಿ. 8 ಓಮ್ ಎಂದು ಬರೆದ ಕ್ಯಾಬಿನೆಟ್ ಸಾಮಾನ್ಯವಾಗಿ 5.5ರಿಂದ 6.5ರ ನಡುವೆ, 4 ಓಮ್‌ನದು 3ರ ಆಸುಪಾಸು ತೋರಿಸುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ 0.4 ಬದಲಾಗುತ್ತದೆ. ಅಂಕಿ ಶೇ 5-8 ಕಡಿಮೆ ಇದ್ದರೆ ಕಾಯಿಲ್ ಇನ್ನೂ ತಣ್ಣಗಿದೆ ಎಂದೇ ತಿಳಿಯಿರಿ, ಇನ್ನಷ್ಟು ಹೊತ್ತು ಕಾಯಿರಿ. ಅಂಕಿ ತುಂಬ ಜಾಸ್ತಿ ಬಂದರೆ ಜ್ಯಾಕ್ ಅಥವಾ ಸ್ಪೀಕಾನ್ (ತಿರುಗಿಸಿ ಬಿಗಿಯುವ ಸ್ಪೀಕರ್ ಪ್ಲಗ್) ಸಂಪರ್ಕದಲ್ಲಿ ಕಿಲುಬು ಇರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪ್ಲಗ್ ಹತ್ತು ಸಲ ಹಾಕಿ ತೆಗೆಯಿರಿ. ಆಗಲೂ ಹಾಗೇ ಇದ್ದರೆ ಒಂದು ಸ್ಪೀಕರ್‌ನ ಕಾಯಿಲ್ ತಂತಿ ಕಡಿದುಹೋಗಿರಬಹುದು.

ಗ್ರಿಲ್ ತೆಗೆದು, ಡಸ್ಟ್ ಕ್ಯಾಪ್‌ನ ಎರಡೂ ಬದಿ ಬೆರಳಿಟ್ಟು ಕೋನ್ ಅನ್ನು ಕೆಲವು ಮಿಲಿಮೀಟರ್ ಮಾತ್ರ ಒಳಕ್ಕೆ ಒತ್ತಿ ಬಿಡಿ. ಸಮನಾಗಿ ಒತ್ತಬೇಕು, ಓರೆಯಾದರೆ ಒಳ್ಳೆಯ ಸ್ಪೀಕರ್ ಕೂಡ ಉಜ್ಜಿದ ಸದ್ದು ಮಾಡುತ್ತದೆ. ಕಿವಿ ಹತ್ತಿರ ಇಟ್ಟು ಕೇಳಿ. ಮರಳು ಉಜ್ಜಿದಂಥ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ. ಅದನ್ನು ಜೋರಾಗಿ ನುಡಿಸಿ "ಬಿಡಿಸಲು" ಹೋದರೆ ಕಾಯಿಲ್ ಸುಡುತ್ತದೆ. ಸ್ಪೀಕರ್ ರಿಪೇರಿ ಮಾಡುವವರು ಕೋನ್ ಬಿಚ್ಚಿ ಸಂದಿ ಶುಚಿ ಮಾಡಿ ಹೊಸ ಕೋನ್ ಕೂರಿಸಬಲ್ಲರು.

ಸ್ಪೀಕರ್‌ನ ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಿ. ಮರ ಹಿಗ್ಗಿ ಕುಗ್ಗಿ ಸಡಿಲವಾಗಿರುತ್ತವೆ. ಎದುರುಬದುರಿನವನ್ನು ಒಂದಾದ ಮೇಲೊಂದು, ಹಗುರಾಗಿ ಬಿಗಿ ಮಾಡಿ.

ಈಗ ಆಂಪ್ ಜೋಡಿಸಿ. ಸದ್ದು ಮಾತಾಡುವಷ್ಟೇ ಇರಲಿ. ಇಪ್ಪತ್ತು ನಿಮಿಷ ನಿಧಾನವಾಗಿ, ಮೇಲಿನ ಸ್ವರಗಳಿಂದ ಕೆಳಗಿಳಿಯುತ್ತಾ ನುಡಿಸಿ. ನಾಲ್ಕು ತಂತಿಯ ಬಾಸ್‌ನ ಕೆಳಗಿನ ಇ ಸುಮಾರು 41 ಹರ್ಟ್ಸ್, ಐದು ತಂತಿಯದರ ಬಿ ಸುಮಾರು 31 ಹರ್ಟ್ಸ್. ಈ ಕೆಳಗಿನ ಸ್ವರಗಳಲ್ಲೇ ಕೋನ್ ಅತಿ ದೂರ ಓಡಾಡುವುದು. ಬಿಗಿಯಾಗಿರುವ ಸ್ಪೈಡರ್, ಸರೌಂಡ್, ಅಂಟು ಸಡಿಲಗೊಳ್ಳಲು ಈ ಇಪ್ಪತ್ತು ನಿಮಿಷ ಬೇಕು.

ವಾರವಾರ ಕಾರ್ಯಕ್ರಮಕ್ಕೆ ಒಯ್ಯುವವರಿಗೆ

ಕ್ಯಾಬಿನೆಟ್ ಥಂಡಿ ಜಾಗದಲ್ಲೇ ಇದ್ದು, ವಾರಕ್ಕೊಮ್ಮೆ ಹೊರಗೆ ಹೋಗುವುದಾದರೆ ಒಂದು ದಿನ ಕಾಯಲು ಆಗುವುದಿಲ್ಲ. ಆಗ ಮೆತ್ತೆ ಇರುವ ಕವರ್ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ ಇರಲಿ. ಹಿಂದಿನ ರಾತ್ರಿಯೇ ಮನೆಯೊಳಗೆ ತಂದಿಡಿ. ಅದೂ ಆಗದಿದ್ದರೆ ವೇದಿಕೆ ಇರುವ ಕಟ್ಟಡಕ್ಕೆ ಎಲ್ಲಕ್ಕಿಂತ ಮೊದಲು ಕ್ಯಾಬಿನೆಟ್ ಒಳಗೆ ತನ್ನಿ, ಎಲ್ಲಕ್ಕಿಂತ ಕೊನೆಗೆ ಚೀಲ ತೆಗೆಯಿರಿ. ಜನ ತುಂಬಿದ ಹಾಲ್‌ನ ಗಾಳಿ ತುಂಬ ಒದ್ದೆ. ಜನ ಬರುವ ಮೊದಲೇ ಕ್ಯಾಬಿನೆಟ್ ಬೆಚ್ಚಗಾಗಿದ್ದರೆ ಒಳ್ಳೆಯದು.

ಮುಗಿದ ಮೇಲೆ ರಾತ್ರಿ ಇಡೀ ವ್ಯಾನ್‌ನಲ್ಲಿ ಬಿಡಬೇಡಿ. ಬಿಡಲೇಬೇಕಾದರೆ, ಹಾಲ್‌ನ ಒದ್ದೆ ಗಾಳಿಯಲ್ಲಿ ಚೀಲ ಕಟ್ಟಬೇಡಿ, ಬಟ್ಟೆಯ ಕವರ್ ಸಾಕು. ಬೆಚ್ಚಗಿನ ಕ್ಯಾಬಿನೆಟ್ ನಿಧಾನವಾಗಿ ತಣಿಯುತ್ತಾ ತನ್ನ ಆವಿಯನ್ನು ಹೊರಗೆ ಬಿಡಲಿ. ಮರುದಿನ ಬೆಳಗ್ಗೆ, ಪೂರ್ತಿ ತಣಿದ ಮೇಲೆ, ವ್ಯಾನ್‌ನಲ್ಲೇ ಚೀಲ ಎಳೆದು ಕಟ್ಟಿ ಮನೆಯೊಳಗೆ ತನ್ನಿ.